ಪಕ್ಕದ ಕುರ್ಚಿಗೆ ಓದಿದ ದೆವ್ವದ ಕಥೆ

ಅಕ್ಟೋಬರ್ 3, ಸೋಮವಾರ
ಡಯಾಲಿಸಿಸ್. ಏಳರಿಂದ ಹನ್ನೊಂದು. ಎಡಗೈಗೆ ಸೂಜಿ, ಎರಡನೇ ಸಲಕ್ಕೆ ನರ ಸಿಕ್ಕಿತು. ಬಲಗೈ ಖಾಲಿ — ಪುಟ ತಿರುಗಿಸಲು ಸಾಕು. ‘ಗೋಡೆಯೊಳಗಿನ ಬಾಡಿಗೆದಾರ’ ಶುರು. ಪ್ರತಿ ಅಕ್ಟೋಬರ್‌ನಲ್ಲೂ ಇದೇ ಕಾದಂಬರಿ, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಬರುವ ಹ್ಯಾಲೋವೀನ್ ಹೊತ್ತಿಗೆ, ಅಂದರೆ 31ಕ್ಕೆ, ಮುಗಿಯಬೇಕು. ಇದು ಮೂವತ್ತೊಂದನೇ ಸಲ. ರಟ್ಟು ಕಳಚಿದೆ, ಟೇಪ್ ಹಚ್ಚಿದ್ದೇನೆ.

ಪಕ್ಕದ ಕುರ್ಚಿಗೆ ಹೊಸಬಳು. ವರ್ಲಾ. ಒಂದು ಕಾಲಿಲ್ಲ, ಸಕ್ಕರೆ ಕಾಯಿಲೆ ತಿಂದಿದೆ. ನಾನು ಮರಗೆಲಸ ಕಲಿಸುತ್ತಿದ್ದ ಶಾಲೆಯಲ್ಲೇ ಅಡುಗೆಗಿದ್ದಳಂತೆ. ನನಗೆ ನೆನಪಿಲ್ಲ. ಅವಳಿಗಿದೆ.

“ಏನ್ ಹ್ಯಾಸ್ಕೆಟ್ ಮೇಷ್ಟ್ರೇ, ದೆವ್ವದ ಕಥೆನಾ? ಸಾಲಾಗಿ ಕೂತಿರೋ ನಮ್ಮ ಮುಖಗಳು ಸಾಲ್ದಾ?”

ಪುಟ ತಿರುಗಿಸಿದೆ.

ಅಕ್ಟೋಬರ್ 7, ಶುಕ್ರವಾರ
ಅವಳ ಕುರ್ಚಿಯ ಟಿ.ವಿ. ಕೆಟ್ಟಿದೆ. “ಗಟ್ಟಿಯಾಗಿ ಓದ್ರಿ, ನಂಗೂ ಹೊತ್ತು ಹೋಗ್ಲಿ.” ಮೊದಲಿನಿಂದ ಓದಿದೆ. ಹಳೇ ಮನೆಗೆ ಬಂದ ವಿಧವೆಯನ್ನು ಗೋಡೆಯೊಳಗಿಂದ ಯಾರೋ ಹೆಸರು ಹಿಡಿದು ಕರೆಯುವ ಜಾಗ...

“ಅಯ್ಯೋ, ಓಗೊಡ್ಬೇಡ ಕಣೇ ಪೆದ್ದಿ!”

ನರ್ಸ್ ಡೆನೀಸ್ ಬೆಚ್ಚಿ ತಿರುಗಿದಳು. ಮೂವತ್ತು ವರ್ಷ ಬಾಯಿಮುಚ್ಚಿಕೊಂಡು ಓದಿದವನು ನಾನು. ಕಥೆಯೊಳಗಿನವರನ್ನು ಬೈಯಬಹುದೆಂದು ಹೊಳೆದಿರಲೇ ಇಲ್ಲ. ನಕ್ಕೆ.

ಅಕ್ಟೋಬರ್ 14, ಶುಕ್ರವಾರ
“ಇದು ಯಾವತ್ತು ಮುಗಿಯತ್ತೆ ಮೇಷ್ಟ್ರೇ?”

“ಹ್ಯಾಲೋವೀನ್‌ಗೆ. ಯಾಕೆ?”

“ಮುಗಿದ್ಮೇಲೆ ನಾನು ಇಲ್ಲಿಗೆ ಬರಲ್ಲ. ಡಾಕ್ಟ್ರಿಗೆ ಹೇಳಾಯ್ತು. ಇನ್ನೊಂದು ಕಾಲೂ ತೆಗೀಬೇಕಂತೆ. ಸಾಕಪ್ಪ.”

ಡಯಾಲಿಸಿಸ್‌ಗೆ ಬರದಿದ್ದರೆ ಬದುಕುವುದು ಒಂದು ವಾರ. ಹೆಚ್ಚೆಂದರೆ ಎರಡು. ಇಲ್ಲಿ ಕೂರುವವರೆಲ್ಲರಿಗೂ ಗೊತ್ತು. ಮಗಳಿಗೆ ಹೇಳಿದ್ದೀಯಾ ಅಂದೆ. ಹೇಳಿದ್ದಾಳೆ. ಮಗಳು ಮೂರು ದಿನ ಮಾತಾಡಿಲ್ಲವಂತೆ.

ಅಕ್ಟೋಬರ್ 17, ಸೋಮವಾರ
ಗಂಟಲು ನೋವು ಅಂದೆ. ಐದೇ ಪುಟ. ಗಂಟಲಿಗೇನೂ ಆಗಿಲ್ಲ.

ಅಕ್ಟೋಬರ್ 19, ಬುಧವಾರ
ಎರಡು ಪುಟ. ಆಮೇಲೆ ಕಥೆ ನಾನೇ ಕಟ್ಟಿದೆ — ವಿಧವೆಗೊಬ್ಬ ಮೈದುನ, ಅವನಿಗೊಂದು ಕುದುರೆ, ಕುದುರೆಗೆ ಕುಂಟು. ಒಂದೂವರೆ ಗಂಟೆ ಎಳೆದೆ. ಎಂಥ ಕೆಲಸ!

ಅಕ್ಟೋಬರ್ 21, ಶುಕ್ರವಾರ
ಸಿಕ್ಕಿಬಿದ್ದೆ.

“ಆ ಮೈದುನ ಎಲ್ಲಿಂದ ಉದುರ್ದ? ಮೊನ್ನೆ ನೀವು ಪುಟಾನೇ ತಿರುಗಿಸ್ಲಿಲ್ಲ. ನಂಗೆ ಕಾಲಿಲ್ಲ, ಕಣ್ಣಿದೆ.”

ಪುಸ್ತಕ ಮುಚ್ಚಹೋದೆ.

“ಹೆದರಿರೋದು ನೀವು, ನಾನಲ್ಲ. ಸರಿಯಾಗಿ ಓದ್ರಿ. ಕಾಯಿಸ್ಬೇಡಿ ನನ್ನ.”

ಓದಿದೆ. ಮೂರು ಗಂಟೆ. ಒಂದು ಸಾಲೂ ಬಿಡದೆ. ಕೊನೆಗೆ ನಿಜವಾಗಿಯೂ ಗಂಟಲು ಕಟ್ಟಿತು.

ಅಕ್ಟೋಬರ್ 24, ಸೋಮವಾರ
ಕೊನೆಯ ಅಧ್ಯಾಯ ಮಾತ್ರ ಬಾಕಿ ಇರುವಾಗ ವರ್ಲಾಳ ಬಿ.ಪಿ. ಕುಸಿಯಿತು. ಇಬ್ಬರು ನರ್ಸ್‌ಗಳು ಓಡಿಬಂದು ಕುರ್ಚಿ ಹಿಂದಕ್ಕೆ ಮಲಗಿಸಿದರು. ಮುಖ ಮೇಣದ ಹಾಗೆ. ಯಂತ್ರ ನಿಲ್ಲಿಸಿದರು. ಸುಧಾರಿಸಿಕೊಂಡ ಮೇಲೆ ಅಂದಳು —

“ನಂದು ಇಲ್ಲಿಗೆ ಮುಗೀತು. ಉಳಿದದ್ದು ನಮ್ಮನೇಲಿ ಓದಿ. ಹ್ಯಾಲೋವೀನ್ ದಿನ ಬನ್ನಿ. ಮಿಠಾಯಿ ಕೊಡ್ತೀನಿ.”

ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ಡೆನೀಸ್ ಬಾತ್‌ರೂಮಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಅಕ್ಟೋಬರ್ 31, ಸೋಮವಾರ
ಮಧ್ಯಾಹ್ನ ಮೂರಕ್ಕೆ ಹೋದೆ. ಮಗಳು ಕೊರಿನ್ ಬಾಗಿಲು ತೆಗೆದಳು. ನಡುಮನೆಯಲ್ಲಿ ಆಸ್ಪತ್ರೆಯ ಮಂಚ. ವರ್ಲಾಳ ಮುಖ ಊದಿತ್ತು, ಉಸಿರಿನಲ್ಲಿ ಗೊರಗೊರ.

“ಬೆಳಿಗ್ಗೆಯಿಂದ ಮಾತಿಲ್ಲ. ಕಿವಿ ಕೇಳತ್ತೆ ಅಂತಾರೆ. ಓದಿ ಸರ್,” ಅಂದಳು ಕೊರಿನ್. ಅಮ್ಮನ ಪಾದ ಹಿಡಿದು ಕೂತಳು.

ಹನ್ನೊಂದು ಪುಟ. ನಡುವೆ ಬಾಗಿಲಿಗೆ ಅಸ್ಥಿಪಂಜರದ ವೇಷದ ಪುಟ್ಟಿಯೊಬ್ಬಳು ಬಂದಳು. ಕೊರಿನ್ ಎದ್ದು ಮಿಠಾಯಿ ಹಾಕಿ, ಬಂದು ಮತ್ತೆ ಅದೇ ಪಾದ ಹಿಡಿದಳು.

ಮುಗಿಸಿ ಪುಸ್ತಕ ಮುಚ್ಚಿದೆ. ವರ್ಲಾಳ ತುಟಿ ಅಲುಗಿತು. ಬಗ್ಗಿದೆ.

“...ಇಷ್ಟೇನಾ?”

“ಇಷ್ಟೇ ವರ್ಲಾ,” ಅಂದೆ.

ನವೆಂಬರ್ 2, ಬುಧವಾರ
ನಿನ್ನೆ ಬೆಳಿಗ್ಗೆ ಹೋದಳಂತೆ. ಡೆನೀಸ್ ಹೇಳಿದಳು. ಆ ಕುರ್ಚಿಯನ್ನು ಬ್ಲೀಚ್ ಹಾಕಿ ಒರೆಸಿದ್ದಾರೆ. ಒಬ್ಬ ಗಡ್ಡದವನು ಕೂತು ನಿದ್ದೆ ಹೊಡೆಯುತ್ತಿದ್ದ. ನಾಲ್ಕು ಗಂಟೆ ಚಾವಣಿ ನೋಡಿದೆ. ಅಲ್ಲಿ ಅರವತ್ತೆರಡು ಚೌಕಗಳಿವೆ.

ನವೆಂಬರ್ 4, ಶುಕ್ರವಾರ, ಬೆಳಿಗ್ಗೆ 6.25
ಕ್ಲಿನಿಕ್ಕಿನ ವ್ಯಾನ್ ಬಂದಿದೆ. ಎರಡನೇ ಸಲ ಹಾರ್ನ್. ಎಡತೋಳು ಮಡಿಸಿಕೊಂಡು ಅಡುಗೆಮನೆಯಲ್ಲೇ ಕೂತಿದ್ದೇನೆ. ಕಾಫಿ ಆರಿದೆ. ಬಾಗಿಲಿಗೆ ಆರು ಹೆಜ್ಜೆ. ಎದ್ದರೆ ಮತ್ತೆ ಸೋಮವಾರ, ಬುಧವಾರ, ಶುಕ್ರವಾರ... ಏಳದಿದ್ದರೆ ಒಂದು ವಾರ, ಹೆಚ್ಚೆಂದರೆ ಎರಡು —