ನಲವತ್ತು ಪೆಟ್ಟಿಗೆಗಳ ಕೆಂಪು ಗುರುತು

ಚಿಂಚವಾಡ, ಪುಣೆ
೩ ಡಿಸೆಂಬರ್ ೨೦೦೩

ನನ್ನ ಮುದ್ದು ಸೊಸೆ ಸ್ನೇಹಲ್‌ಗೆ ನಿನ್ನ ಅತ್ತೆ ಕಲ್ಲವ್ವನ ಆಶೀರ್ವಾದಗಳು.

ಹೇಗಿದ್ದೀ ತಾಯಿ? ಕೆಮ್ಮು ಕಡಿಮೆಯಾಯಿತೇ? ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹಿಮದಲ್ಲಿ ತಿರುಗಬೇಡ, ಅಲ್ಲಿ ನಿನ್ನ ಚಂದ ನೋಡುವವರು ಯಾರೂ ಇಲ್ಲ. ನೀನು ಮರಾಠಿ ಶಾಲೆಯಲ್ಲಿ ಓದಿದವಳು, ಕನ್ನಡ ಓದುವುದು ನಿಧಾನ ಎಂದು ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಶೇಂಗಾ ಚಟ್ನಿ ಮುಗಿದಿರಬೇಕು. ಚನ್ನವೀರ ನಿನಗೆ ಡ್ರಾಯಿಂಗ್ ಕಳಿಸುವ ಕುರಿಯರ್‌ನಲ್ಲೇ ಈ ಕಾಗದವನ್ನೂ, ಒಂದು ಪುಡಿಕೆ ಚಟ್ನಿಯನ್ನೂ ತುರುಕುತ್ತೇನೆ. ಗಂಡ ಡ್ರಾಯಿಂಗ್ ಕಳಿಸುತ್ತಾನೆ, ಅತ್ತೆ ಚಟ್ನಿ ಕಳಿಸುತ್ತಾಳೆ, ಯಾರಿಗೆ ನಿನ್ನ ಮೇಲೆ ಜೀವ ಹೆಚ್ಚು ನೀನೇ ನೋಡಿಕೋ. ನಮ್ಮ ಮಾಲು ಒಪ್ಪಿಸಲು ನೀನು ಹೋಗಿರುವ ಆ ಚೆಕ್ ದೇಶದವರು ಹೌದು ಅನ್ನುವುದಕ್ಕೆ ‘ಅನೋ’ ಅನ್ನುತ್ತಾರೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ನೆನೆದು ಈಗಲೂ ನಗು ಬರುತ್ತದೆ. ಎಲ್ಲದಕ್ಕೂ ‘ಅನ್ನೋ, ಅನ್ನೋ’ ಎಂದರೆ ನಾವು ಏನು ಅನ್ನಬೇಕವ್ವಾ ಅವರಿಗೆ!

ನೀನು ಇನ್ನೊಂದು ಮಾತೂ ಹೇಳಿದ್ದೆ. ನಿನ್ನ ಜೊತೆ ಪೆಟ್ಟಿಗೆ ಬಿಚ್ಚುವ ಆ ಅಜ್ಜಿ, ಸರ್ಕಾರದ ಕಾರ್ಖಾನೆಯಾಗಿದ್ದಾಗ ಇಪ್ಪತ್ತು ವರ್ಷ ವೈಪರ್ ಕೀಲಿನೊಳಗೆ ಕೂರುವ ಪುಟ್ಟ ಲೋಹದ ಬಳೆಗಳನ್ನು, ಇದೇ ಬುಷ್‌ಗಳನ್ನು ತಾನೇ ಮಾಡುತ್ತಿದ್ದಳಂತೆ. ಜರ್ಮನಿಯವರು ಕೊಂಡ ಮೇಲೆ ಅವಳ ಮಷಿನ್ ಹೋಯಿತು, ನಮ್ಮ ಭೋಸರಿ ವರ್ಕ್‌ಶಾಪಿನ ಬುಷ್ ಬಂತು. ಈಗ ನಾವು ಮಾಡಿದ್ದನ್ನು ಎಣಿಸಿ ವೈಪರ್ ಜೋಡಿಸುವವರಿಗೆ ಕೊಡುತ್ತಾಳೆ. ಆ ವೈಪರ್ ಮತ್ತೆ ಹಡಗು ಹತ್ತಿ ನಮ್ಮ ಪಿಂಪ್ರಿಯಲ್ಲಿ ತಯಾರಾಗುವ ಕಾರಿಗೇ ಬರುತ್ತದೆಂದು ಚನ್ನವೀರ ಹೇಳಿದಾಗ ನನಗೆ ತಲೆ ತಿರುಗಿತು. ಬಾಣಂತನಕ್ಕೆ ತವರಿಗೆ ಬಂದಂತಾಯಿತಲ್ಲ ಅದು! ಆದರೂ ಆ ಅಜ್ಜಿಗೆ ಹೇಗನ್ನಿಸುತ್ತದೋ ಎನ್ನಿಸಿತು. ಚಟ್ನಿಯಲ್ಲಿ ಅವಳಿಗೂ ಸ್ವಲ್ಪ ಕೊಡು, ಖಾರ ಎಂದು ಮೊದಲೇ ಹೇಳು.

ಇಲ್ಲಿ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ನಲವತ್ತು ಪೆಟ್ಟಿಗೆಗಳಲ್ಲೂ ಬುಷ್ ಜೋಡಿಸಿಟ್ಟ ಪ್ರತಿ ತಟ್ಟೆಯಲ್ಲೂ ಒಂದು ಬುಷ್‌ಗೆ ಕೆಂಪು ಗುರುತು ಇದೆ, ಕೆಟ್ಟ ಮಾಲೆಂದು ನೀವೇ ಗುರುತು ಹಾಕಿ ನಮಗೇಕೆ ಕಳಿಸಿದಿರಿ ಎಂದು ಆ ಕಾರ್ಖಾನೆಯವರು ಕೇಳುತ್ತಿದ್ದಾರೆ, ಹದಿನೈದನೆಯ ತಾರೀಖಿನೊಳಗೆ ಕಾರಣ ಹೇಳದಿದ್ದರೆ ಎಲ್ಲ ವಾಪಸ್ ಎಂದು ನೀನು ಫೋನು ಮಾಡಿದ ದಿನದಿಂದ ನಿನ್ನ ಮಾವನವರು ಸರಿಯಾಗಿ ಊಟ ಮಾಡಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಕೆಟ್ಟ ಬುಷ್‌ಗೆ ಕೆಂಪು ಬಣ್ಣ ಹಚ್ಚುವವನು ಮಾರ್ತಾಂಡ ಒಬ್ಬನೇ. ಹನ್ನೊಂದು ವರ್ಷದಿಂದ ಆ ಬಣ್ಣದ ಡಬ್ಬಿ ಅವನ ಕೈಯಲ್ಲೇ ಇದೆ. ಮಾವನವರು ಎಲ್ಲರೆದುರು ಅವನನ್ನು ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ, “ಹೌದ್ರಿ ಮಾಲಕರ, ನಂದ ತಪ್ಪಾಗೇದ್ರಿ” ಎಂದನಂತೆ. ಹಾಗಿದ್ದರೆ ನಾಳೆಯಿಂದ ಬರಬೇಡ ಎಂದುಬಿಟ್ಟರು. ನಿನ್ನೆ ಬಸ್ ಸ್ಟಾಪಿನಲ್ಲಿ ಕಂಡ. ಚಾಕಣದಲ್ಲಿ ಕೆಲಸ ಕೇಳಲು ಹೊರಟಿದ್ದ. ನಾನು ಮುಖ ಆ ಕಡೆ ತಿರುಗಿಸಿದರೂ ಬಿಡದೆ ಹತ್ತಿರ ಬಂದು, “ಆರಾಮ ಅದೀರಿ ಅವ್ವಾರ? ಸ್ನೇಹಲ್ ಅಕ್ಕಾರು ಯಾವಾಗ ಬರ್ತಾರ್ರಿ?” ಎಂದು ಕೇಳಿದ. ಬಂದ ಬಸ್ಸು ಯಾವುದೆಂದೂ ನೋಡದೆ ಹತ್ತಿಬಿಟ್ಟೆ. ನಾನು, ಈ ಕಲ್ಲವ್ವ, ಓಡಿದೆ ಎಂದರೆ ನಂಬುತ್ತೀಯಾ?

ನೀನಿಲ್ಲದೆ ಮನೆ ಭಣಭಣ ಅನ್ನುತ್ತದೆ. ನಿನ್ನ ಮೇಲೆ ರೇಗುವುದಕ್ಕೂ ನೀನು ಇಲ್ಲಿಲ್ಲ. ಬೇಗ ಬಂದುಬಿಡು. ಬಸವಣ್ಣ ನಿನ್ನ ನೆತ್ತಿ ಕಾಯಲಿ.

ನಿನ್ನ ಅತ್ತೆ,
ಕಲ್ಲವ್ವ

ತಾಜಾ ಕಲಂ: ಕುರಿಯರ್‌ನವನು ಬಾಗಿಲಲ್ಲೇ ನಿಂತಿದ್ದಾನೆ. ಸ್ನೇಹಲ್, ಅದು ಬಣ್ಣವಲ್ಲ, ಕುಂಕುಮ. ಖಂಡೇನವಮಿಯ ದಿನ ಮಷಿನ್‌ಗಳ ಪೂಜೆ ಮುಗಿಸಿ ನೋಡಿದೆ, ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಕೂತಿದ್ದವು. ಮೊದಲ ಸಲ ಇಷ್ಟು ದೂರ ಹೋಗುತ್ತಿವೆ, ಬರಿ ಹಣೆಯಲ್ಲಿ ಹೇಗೆ ಕಳಿಸಲಿ ಎಂದು ಒಂದೊಂದು ತಟ್ಟೆಗೂ ನಾನೇ ಹಚ್ಚಿದೆ. ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಯಲ್ಲಿ ಅದು ಗಟ್ಟಿಯಾಗಿ ಅಂಟಿಕೊಂಡಿತು. ಬಟ್ಟೆಯಿಂದ ಒರೆಸಿ ನೋಡು, ಕೆಳಗೆ ಬುಷ್ ಚೊಕ್ಕವಾಗಿದೆ. ಫೋನಿರುವುದು ನಿನ್ನ ಮಾವನವರ ಕುರ್ಚಿಯ ಪಕ್ಕ, ಹಾಗಾಗಿ ಇಷ್ಟು ದಿನ ನಾಲಿಗೆ ಏಳಲಿಲ್ಲ. ಈಗ ಒಳಗೆ ಹೋಗಿ ಅವರಿಗೆ ಹೇಳುತ್ತೇನೆ. ಈ ಕಾಗದಕ್ಕಿಂತ ಮೊದಲು ಅವರ ಫೋನು ಬಂದರೆ ನಾನು ಹೇಳಿದೆ ಎಂದು ತಿಳಿ. ಬರದಿದ್ದರೆ ನನಗೆ ಧೈರ್ಯವಾಗಲಿಲ್ಲ ಎಂದು ತಿಳಿದು ನೀನೇ ಮಾವನವರಿಗೆ ಹೇಳಿಬಿಡು, ನನ್ನ ಮರ್ಯಾದೆ ನೋಡಬೇಡ. ಅಂದು ನಾನು ಕುಂಕುಮ ಹಚ್ಚುತ್ತಿದ್ದರೆ ಒಂದೊಂದೇ ತಟ್ಟೆಯನ್ನು ನನ್ನ ಮುಂದೆ ಎತ್ತಿ ಹಿಡಿದವನು ಮಾರ್ತಾಂಡ.