ಕನಕಲತೆಯನ್ನು ಕಂಡೆ

ಬಾಬುರಾಯನಕೊಪ್ಪಲು
೨೨ ಆಗಸ್ಟ್ ೨೦೨೫

ಪ್ರೀತಿಯ ಹೇಮಕ್ಕನಿಗೆ,

ಮಮತಳ ನಮಸ್ಕಾರ. ನೀನು ಫೋನ್ ಮಾಡಿ ಬಹಳ ದಿನವಾಯಿತು, ಉತ್ತರ ಕೊಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಿಮ್ಮ ಮನೆಯಲ್ಲಿ ಭಾವ ಸ್ಪೀಕರ್ ಹಾಕದೆ ಫೋನು ಕೊಡುವುದಿಲ್ಲ. ಊರಿಗೆಲ್ಲ ಕೇಳಿಸುವ ಮಾತಲ್ಲ ಇದು, ಅದಕ್ಕೇ ಕಾಗದ. ನಮ್ಮನೆಯವರು ನಾಗಮಂಗಲಕ್ಕೆ ಬರುತ್ತಿದ್ದಾರೆ, ನಿನ್ನ ಕೈಗೇ ಕೊಡಿ ಅಂದಿದ್ದೇನೆ.

ಅವ್ವನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮೈಸೂರಿನ ಆಸ್ಪತ್ರೆಗೆ ಇಲ್ಲಿಂದ ಹತ್ತಿರ ಅಂತ ನಮ್ಮ ತಮ್ಮ ಸಿದ್ದೇಶ ಅವಳನ್ನು ಇಲ್ಲಿ ಬಿಟ್ಟು ಸಿಂಧಘಟ್ಟಕ್ಕೆ ಹೋದವನು ಒಂದು ದಿನವೂ ಬಂದು ನೋಡಲಿಲ್ಲ. ಆರೈಕೆಗೆ ಮಗಳು, ಗದ್ದೆಗೆ ಮಗ. ಆದರೂ ಅವ್ವ ಬಂದಳಲ್ಲ ಅನ್ನುವ ಖುಷಿಯೇ ಹೆಚ್ಚಾಗಿತ್ತು.

ಸ್ವಲ್ಪ ಹೊತ್ತು ಟೀವಿ ನೋಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಅವ್ವ ಕೇಳಿದ್ದು ಏನು ಗೊತ್ತಾ? ಕನಕಲತೆಯ ಸಿನಿಮಾ. ಚಿಕ್ಕವರಿದ್ದಾಗ ನಾವು ಎದುರು ಮಾತಾಡಿದರೆ "ಕನಕಲತೆ ಆಡ್ದಂಗೆ ಆಡ್ಬ್ಯಾಡ" ಅನ್ನುತ್ತಿದ್ದಳಲ್ಲ, ಆ ಘಟವಾಣಿ ಸೊಸೆಯದೇ. ಮದುವೆಯಾದ ಹೊಸದರಲ್ಲಿ ಕೆ.ಆರ್. ಪೇಟೆಯ ಟೆಂಟಿನಲ್ಲಿ ನೋಡಿದ್ದಂತೆ. ಗುಮ್ಮನಿಗೆ ಹೆದರದ ನಾನು ಆ ಹೆಸರಿಗೆ ಹೆದರುತ್ತಿದ್ದೆ.

ಹುಡುಕಿ ಹಾಕಿದೆ. ನಿಜ ಹೇಳುತ್ತೇನೆ ಅಕ್ಕ, ಕನಕಲತೆ ಕೆಟ್ಟವಳೇ. ಅತ್ತೆಗೆ ತಂಗಳು ಬಡಿಸಿ ತಾನು ಒಬ್ಬಟ್ಟು ತಿನ್ನುತ್ತಾಳೆ, ಬಾಯಿ ತೆರೆದರೆ ಸುಳ್ಳು, ಕೆಲಸದವಳ ಕೆನ್ನೆಗೆ ಹೊಡೆಯುತ್ತಾಳೆ. ಅವಳ ಪರ ವಹಿಸಲು ನನಗೂ ಮನಸ್ಸಾಗಲಿಲ್ಲ. ಆದರೆ ತನ್ನ ಅಪ್ಪ ತೀರಿಕೊಂಡ ಮೇಲೆ ತವರಿಗೆ ಬಂದು ಅಣ್ಣನನ್ನು ಒಂದು ಮಾತು ಕೇಳುತ್ತಾಳೆ: "ಈ ಮನೆಯಲ್ಲಿ ನನ್ನದು ಅಂತ ಏನಿದೆ?" ಅಲ್ಲಿಯವರೆಗೆ ಸುಮ್ಮನಿದ್ದ ಅವ್ವ ಎರಡೂ ಕೈಯಲ್ಲಿ ನೆಟಿಗೆ ಮುರಿದು ಟೀವಿಗೆ ಶಾಪ ಹಾಕಿದಳು.

"ಟೆಂಟ್ನಾಗೆ ಎಲ್ರೂವೆ ಮಣ್ಣು ತೂರಿದ್ದು ಇಲ್ಲೇ ಕಣವ್ವ. ತವರ್ನಾಗೆ ಪಾಲು ಕೇಳೋ ಎಣ್ಣು ಉದ್ಧಾರಾದಾಳಾ?" ಅಂದಳು.

"ಅತ್ತೆಗೆ ತಂಗಳು ಇಕ್ದಾಗ ಯಾರೂ ತೂರ್ನಿಲ್ವಾ?" ಅಂದೆ.

"ಅದು ಅತ್ತೆ ಸೊಸೇದು, ಬುಡು."

ಅಪ್ಪನ ಗದ್ದೆಯಲ್ಲಿ ನನಗೆ ಹಕ್ಕಿಲ್ಲ ಅಂತ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈನ್ ಹಾಕಿಬಿಡು, ತವರಾದರೂ ಉಳಿಯುತ್ತೆ ಅಂತ ಅವತ್ತು ಫೋನಿನಲ್ಲಿ ಅಂದೆಯಲ್ಲ ನೀನು. ನೀನು ಹಾಕಿದೆ. ತವರಿನವರು ಒಂದು ಸೀರೆ ಉಡಿಸಿದರು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಊಟ ಹಾಕಿಸಿದರು. ನಿನ್ನನ್ನು ಬೈಯುತ್ತಿಲ್ಲ. ಆದರೆ ಅಪ್ಪನ ಜೊತೆ ಆ ಗದ್ದೆಯ ಕೆಸರಿಗೆ ಇಳಿದು ನಾಟಿ ಹಾಕಿದ್ದು ನಾವಿಬ್ಬರು. ಸಿದ್ದೇಶ ಬದುವಿನ ಮೇಲೆ ಕೂತು ಕಬ್ಬು ಸಿಗಿಯುತ್ತಿದ್ದ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಅಕ್ಷಿತಾಗೆ ಚಿಕ್ಕಮ್ಮನ ಆಶೀರ್ವಾದ. ಅವಳು ಎದುರು ಮಾತಾಡಿದರೆ ಎರಡು ಏಟು ಬೇಕಾದರೆ ಕೊಡು, ಆ ಹೆಸರು ಹಿಡಿದು ಮಾತ್ರ ಬೈಯಬೇಡ.

ಇತಿ ನಿನ್ನ ತಂಗಿ,
ಮಮತ

ತಾ.ಕ.: ಕಾಗದದ ಜೊತೆ ಕಳಿಸಿರುವ ಗೌರಿ ಹಬ್ಬದ ಬಾಗಿನ ನಿನ್ನದು. ನಿನ್ನೆ ಅವ್ವನನ್ನು ಕರೆದೊಯ್ಯಲು ಬಂದ ಸಿದ್ದೇಶ, ನಿನಗೆ ತಲುಪಿಸಿ ಅಂತ ಕೊಟ್ಟುಹೋದ. ಒಬ್ಬಳಿಗಾಗುವಷ್ಟೇ ತಂದಿದ್ದ. ಹೊರಡುವ ಮುಂಚೆ ಅವ್ವನ ಕಣ್ಣಿಗೆ ಔಷಧಿ ಬಿಡುತ್ತಾ, "ನನ್ ಬಾಗ್ನ ಎಲ್ಲವ್ವಾ?" ಅಂದೆ. "ಕನಕಲತೆಗೆ ಯಾರವ್ವ ಬಾಗ್ನ ಕೊಟ್ಟಾರು?" ಅಂದಳು. ಔಷಧಿಯ ಹನಿ ಅವಳ ಕೆನ್ನೆಗೆ ಬಿತ್ತು. ಸೆರಗಿನಲ್ಲಿ ಒರೆಸಿ ಇನ್ನೊಂದು ಹನಿ ಬಿಟ್ಟೆ. ನಾನು ಸೈನ್ ಹಾಕುವುದಿಲ್ಲ ಅಂತ ಸಿದ್ದೇಶನಿಗೂ ಅವ್ವನಿಗೂ ನೀನೇ ಹೇಳು.