ಹೊಸ್ತಿಲು ಮುಟ್ಟಿದಂದಿನಿಂದ ಮೂವತ್ತು ದಿನ

ದಾವಣಗೆರೆ, ೨೧೭೪ನೇ ಇಸವಿ, ಫೆಬ್ರವರಿ ೩೦.

ನೂರೈವತ್ತು ವರ್ಷ ಹಿಂದೆ ಕುಳಿತು ಕಾನೂನು ಬರೆಯುತ್ತಿರುವ ಹಿರಿಯರಿಗೆ ಶಾಂಭವಿಯ ನಮಸ್ಕಾರಗಳು.

ತಾರೀಖು ತಪ್ಪಲ್ಲ. ಮೇಲ್ಮನವಿಯ ಗಡುವು ಎಣಿಸಲು ಸುಲಭವಾಗಲೆಂದು ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ತಿಂಗಳಿಂದ ನೆಟ್ಟಗೆ ನಿದ್ದೆಯಿಲ್ಲ. ಕೋರ್ಟಿನ ಬೆಂಚಿನ ಮೇಲೆ, ಕೂಸನ್ನು ತೊಡೆಯಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಅಂಚೆಯವನಿಲ್ಲ. ಕೋರ್ಟಿನ ಕಾಗದವೆಲ್ಲ ನೇರವಾಗಿ ಮನೆಯ 'ಅರಿಹೊಸ್ತಿಲಿ'ಗೆ ಬಂದು ಕೂರುತ್ತದೆ. ಅದು ಕಾಲು ಗುರುತಿಸುವ ಹೊಸ್ತಿಲು. ಯಾರ ಹೆಸರಿಗೆ ಬಂದಿದೆಯೋ ಅವರ ಬರಿಗಾಲು ತಾಗಿದರೆ ಕಾಗದ ತಲುಪಿದಂತೆ. ಅಂದಿನಿಂದ ಮೂವತ್ತು ದಿನ. ಕೂಸುಗಳ ಕಾಲಚ್ಚನ್ನೂ ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ತೆಗೆದಿಡುತ್ತಾರೆ.

ನನ್ನವ್ವ ಸಾಯುವ ಮುಂಚೆ ತನ್ನ ಮನೆಯನ್ನು ನನ್ನ ಹೊಟ್ಟೆಯಲ್ಲಿದ್ದ ಕೂಸಿಗೆ ಉಯಿಲು ಬರೆದಳು. ನಾವಿರುವುದೂ ಅಲ್ಲೇ. ಉಯಿಲು ಸುಳ್ಳೆಂದು ಅಣ್ಣ ಹಾಲೇಶಪ್ಪ ದಾವೆ ಹೂಡಿದ. ನಾನು ಹೆರಿಗೆಗೆ ಹೋಗಿದ್ದಾಗ ತೀರ್ಪು ಅವನ ಕಡೆ ಆಯಿತು; ನನಗೆ ತಿಳಿಯಲಿಲ್ಲ. ಈ ತಿಂಗಳ ಒಂದನೇ ತಾರೀಖು ನಾವು ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ಕಾದಿದ್ದ. ದಾವೆ ಬೇರೆ, ರಕ್ತ ಬೇರೆ ಎಂದು ನನಗೂ ಕಣ್ಣು ತುಂಬಿತು. ಸೋದರಮಾವನೇ ಒಳತರಬೇಕೆಂದು ಕೂಸನ್ನು ಎತ್ತಿಕೊಂಡ. ಕಾಲುಚೀಲ ಕಳಚಿ, ಅದರ ಪಾದವನ್ನು ಹೊಸ್ತಿಲಿಗೆ ಮುಟ್ಟಿಸಿದ.

ಬಾಣಂತಿಗೆ ಬಾಗಿಲ ಕೆಲಸವಿಲ್ಲ. ನಿನ್ನೆ ಮೊದಲ ಸಲ ಹೊಸ್ತಿಲು ಒರೆಸುವಾಗ ಅಂಚಿನಲ್ಲಿ ಹಸಿರು ಬರಹ ಕಂಡೆ: ಕೂಸಿನ ಹೆಸರಿನ ತೀರ್ಪು ಒಂದನೇ ತಾರೀಖು ತಲುಪಿದೆ, ಮೇಲ್ಮನವಿಗೆ ನಾಳೆ ಕೊನೆ. ಅಣ್ಣನಿಗೆ ಫೋನು ಮಾಡಿ ಒಂದೇ ಮಾತು ಕೇಳಿದೆ, ಅವತ್ತು ಕಾಲುಚೀಲ ಯಾಕೆ ಬಿಚ್ಚಿದೆ ಎಂದು.

"ಲಕ್ಷ್ಮಿ ಮನೀಗ್ ಬರ್ಲಿ ಅಂತ ಕಣವ್ವ. ಅದ್ರಾಗೂ ಅನುಮಾನನಾ? ಇರ್ಲಿ ಬಿಡು, ಇನ್ನೂ ಒಂದಿನ ಐತಲ್ಲ," ಎಂದ.

ತೀರ್ಪಿನ ವಿಷಯವನ್ನೇ ನಾನು ಎತ್ತಿರಲಿಲ್ಲ.

ನೀವು ಬೆರಳಚ್ಚು ಒತ್ತಿದರೆ ಒಪ್ಪಿದಂತೆ ಎಂದು ಎಣಿಸತೊಡಗಿದ ಕಾಲದವರು. ದಯಮಾಡಿ ಒಂದು ಸಾಲು ಬರೆದಿಡಿ: ತೀರ್ಪನ್ನು ಓದಿ ತಿಳಿದ ದಿನದಿಂದಲೇ ಗಡುವು ಎಣಿಸತಕ್ಕದ್ದು. ಆ ಸಾಲು ಬೇಡವೆಂದು ಯಾರಾದರೂ ಹಟ ಹಿಡಿದರೆ, ಅವರ ಮನೆಯಲ್ಲಿ ಆಸ್ತಿಯ ದಾವೆ ಇದೆಯೇ ಎಂದು ಮೊದಲು ವಿಚಾರಿಸಿ.

ಇದೀಗ ನನ್ನ ಮನವಿ ತೆಗೆದುಕೊಂಡರು, ಮುದ್ರೆ ಬಿತ್ತು. ಮನೆ ಇನ್ನೂ ಹೋಗಿಲ್ಲ. ನಾಳೆ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ತೊಟ್ಟಿಲು ತರಬೇಕಾದವನು ಸೋದರಮಾವ. ಬರಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ತರಲಿ, ಕೂತು ಹೋಳಿಗೆ ಊಟ ಮಾಡಲಿ. ಕೂಸನ್ನು ಮಾತ್ರ ಅವನ ಕೈಗೆ ಕೊಡುವುದಿಲ್ಲ.

ನಿಮ್ಮ ಬಹಳ ನಂತರದವಳು,
ಶಾಂಭವಿ